ಕವರ್ ಒಳಗೆ ಕವರ್: ಎಸೆಯುವುದನ್ನು ನಮಗೆ ಯಾರು ಕಲಿಸಿದರು?

ಅಡುಗೆಮನೆಯ ಬಾಗಿಲ ಹಿಂದೆಯೋ, ಸಿಂಕ್ ಕೆಳಗೋ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ನೇತಾಡುತ್ತಿರುತ್ತದೆ. ಅದರ ಹೊಟ್ಟೆಯೊಳಗೆ ಮಡಚಿದ, ಮುದುರಿದ, ಗಂಟು ಹಾಕಿದ ಹತ್ತಾರು ಕವರುಗಳು. ‘ಇರಲಿ, ಬೇಕಾಗುತ್ತೆ’ ಅಂತ ಇಟ್ಟವು. ಒಂದು ಬಳಸುವಷ್ಟರಲ್ಲಿ ಹೊಸದು ನಾಲ್ಕು ಬಂದು ಸೇರುತ್ತವೆ. ಆದರೂ ಎಸೆಯಲು ಕೈ ಬರಲ್ಲ. ನೋಡಿ ನಗುವವರಿದ್ದಾರೆ. ನನಗೇನೋ ಆ ಕವರು ಇಟ್ಟುಕೊಳ್ಳುವವರೇ ಸರಿ ಅನ್ನಿಸುತ್ತದೆ. ಇಟ್ಟುಕೊಳ್ಳುವುದು ಮನುಷ್ಯನ ಹಳೆಯ ಅಭ್ಯಾಸ. ಎಸೆಯುವುದನ್ನು ನಾವು ಆಮೇಲೆ ಕಲಿತೆವು. ಕಲಿಸಿದವರೂ ಇದ್ದರು.

ಪ್ಲಾಸ್ಟಿಕ್ ಮನೆಗೆ ಬಂದಾಗ ಅದನ್ನು ಯಾರೂ ಎಸೆಯುತ್ತಿರಲಿಲ್ಲ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ತಯಾರಿಸಿದ ಬೇಕಲೈಟ್‌ನಿಂದ ಟೆಲಿಫೋನು, ರೇಡಿಯೋ ಪೆಟ್ಟಿಗೆ, ಕರೆಂಟಿನ ಸ್ವಿಚ್ಚು ಇವೆಲ್ಲ ಆದವು. ಕೆಲವು ಇವತ್ತಿಗೂ ಗಟ್ಟಿಯಾಗಿವೆ. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಇಬ್ಬರು ಬೇರೇನೋ ಮಾಡಲು ಹೊರಟಿದ್ದರು. ಉಪಕರಣ ಬಿಚ್ಚಿದಾಗ ಒಳಗೆ ಮೇಣದಂಥ ಬಿಳಿ ವಸ್ತು ಸಿಕ್ಕಿತು. ಅದೇ ಪಾಲಿಥಿನ್. ಎರಡನೇ ಮಹಾಯುದ್ಧದಲ್ಲಿ ರೇಡಾರ್ ಕೇಬಲ್‌ಗಳಿಗೆ ಹೊದಿಕೆಯಾಗಿ ಅದನ್ನು ಬಳಸಿದರು. ಯುದ್ಧ ಮುಗಿಯಿತು, ತಯಾರಿಸುವ ಶಕ್ತಿ ಉಳಿಯಿತು. ಇನ್ನು ಕೊಳ್ಳುವವರು ಬೇಕಿತ್ತು.

ಸಮಸ್ಯೆ ಇದ್ದದ್ದು ಇಲ್ಲೇ. ಗಟ್ಟಿ ಡಬ್ಬಿಯನ್ನು ಒಂದು ಮನೆಗೆ ಒಮ್ಮೆ ಮಾರಬಹುದು, ಆಮೇಲೆ ವರ್ಷಗಟ್ಟಲೆ ಕಾಯಬೇಕು. ಎಸೆಯುವ ಡಬ್ಬಿಯಾದರೆ ದಿನಾ ಮಾರಬಹುದು. 1955ರ ಆಗಸ್ಟ್‌ನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಒಂದು ಫೋಟೋ ಹಾಕಿತು. ಅಪ್ಪ, ಅಮ್ಮ, ಮಗು ಕೈ ಮೇಲೆತ್ತಿ ನಗುತ್ತಿದ್ದಾರೆ. ತಟ್ಟೆ, ಲೋಟ, ಚಮಚ ಗಾಳಿಯಲ್ಲಿ ಹಾರುತ್ತಿವೆ. ಇವನ್ನೆಲ್ಲ ತೊಳೆಯಲು 40 ಗಂಟೆ ಬೇಕು, ಈಗ ಆ ಕಷ್ಟ ಇಲ್ಲ ಎಂಬ ಮಾತು ಜೊತೆಗೆ. ಮರುವರ್ಷ ಪ್ಯಾಕೇಜಿಂಗ್ ಪತ್ರಿಕೆಯೊಂದರ ಸಂಪಾದಕ ಲಾಯ್ಡ್ ಸ್ಟೌಫರ್, ಪ್ಲಾಸ್ಟಿಕ್‌ನ ಭವಿಷ್ಯ ಇರುವುದು ಕಸದ ಬುಟ್ಟಿಯಲ್ಲಿ ಎಂದು ಉದ್ಯಮದವರಿಗೆ ನೇರವಾಗಿಯೇ ಹೇಳಿದ. ಈಗ ಕೇಳಿದರೆ ಶಾಪದ ಹಾಗಿದೆ ಅಲ್ವಾ? ಅವನು ಕೊಟ್ಟಿದ್ದು ವ್ಯಾಪಾರದ ಸಲಹೆ.

ಈ ಕಥೆಯಲ್ಲಿ ನನಗೆ ಪಾಪ ಅನ್ನಿಸುವುದು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥೂಲಿನ್. ಇವತ್ತು ನಾವು ಕ್ಯಾರಿಬ್ಯಾಗ್ ಅನ್ನುವ ಹಿಡಿಕೆಯ ಚೀಲ ಅವನದು. ಸೆಲ್ಲೋಪ್ಲಾಸ್ಟ್ ಎಂಬ ಕಂಪನಿಗಾಗಿ ಮಾಡಿದ್ದು; 1965ರಲ್ಲಿ ಪೇಟೆಂಟ್ ಸಿಕ್ಕಿತು. ಕಾಗದದ ಚೀಲಕ್ಕೆ ಮರ ಕಡಿಯುವುದು ತಪ್ಪಲಿ, ಜನ ಇದನ್ನು ಮತ್ತೆ ಮತ್ತೆ ಬಳಸಲಿ ಅನ್ನುವುದು ಅವನ ಆಸೆಯಾಗಿತ್ತು ಎಂದು ಅವನ ಮಗ ಹೇಳಿದ್ದಾರೆ. ಅಪ್ಪ ಒಂದು ಚೀಲವನ್ನು ಮಡಚಿ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರಂತೆ. ಬಾಗಿಲ ಹಿಂದೆ ಕವರು ಕೂಡಿಡುವವರ ಜಾತಿಗೇ ಸೇರಿದವನು!

ಆಮೇಲಿನದು ಲೆಕ್ಕ. 1950ರಲ್ಲಿ ಜಗತ್ತು ವರ್ಷಕ್ಕೆ ಸುಮಾರು 20 ಲಕ್ಷ ಟನ್ ಪ್ಲಾಸ್ಟಿಕ್ ತಯಾರಿಸುತ್ತಿತ್ತು. 2015ರ ಹೊತ್ತಿಗೆ ಅದು 38 ಕೋಟಿ ಟನ್. ಅಲ್ಲಿಯವರೆಗೆ ಕಸವಾಗಿ ಹೋದದ್ದರಲ್ಲಿ ಮರುಬಳಕೆ ಆದದ್ದು ನೂರಕ್ಕೆ 9 ಭಾಗ, ಸುಟ್ಟದ್ದು 12. ಉಳಿದದ್ದು ಕಸದ ಗುಡ್ಡಗಳಲ್ಲಿ, ಇಲ್ಲವೇ ನೆಲ, ನೀರು, ಸಮುದ್ರದಲ್ಲಿ.

ಹಾಗಾದರೆ ನಾವು ಇಷ್ಟು ವರ್ಷ ಬೇರೆ ಮಾಡಿ, ತೊಳೆದು ಕೊಟ್ಟದ್ದು? ಯಾವುದಾದರೂ ಬಾಟಲಿ ತಿರುಗಿಸಿ ತಳ ನೋಡಿ. ಬಾಣಗಳ ತ್ರಿಕೋನ, ನಡುವೆ ಒಂದು ಅಂಕಿ. ನೋಡಿದವರು ಇದು ಮರುಬಳಕೆ ಆಗುತ್ತದೆ ಅಂದುಕೊಳ್ಳುತ್ತಾರೆ. ಅದರ ಅರ್ಥ ಅದಲ್ಲ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವೇ ತಂದ ಗುರುತು ಇದು. ಯಾವ ಬಗೆಯ ಪ್ಲಾಸ್ಟಿಕ್ ಅನ್ನುವುದನ್ನಷ್ಟೇ ಆ ಅಂಕಿ ಹೇಳುತ್ತದೆ. 1 ಮತ್ತು 2 ಇದ್ದರೆ ಕೊಳ್ಳುವವರು ಸಿಗಬಹುದು. 7 ಅಂದರೆ ‘ಇತರೆ’, ಅಂದರೆ ಬಹುಮಟ್ಟಿಗೆ ಯಾರಿಗೂ ಬೇಡದ್ದು. ಶ್ರೀಮಂತ ದೇಶಗಳು ಇಂಥದ್ದನ್ನೆಲ್ಲ ದಶಕಗಟ್ಟಲೆ ಹಡಗಿಗೆ ತುಂಬಿ ಚೀನಾಕ್ಕೆ ಕಳಿಸಿದವು. 2018ರಲ್ಲಿ ಚೀನಾ ಬಾಗಿಲು ಹಾಕಿದಾಗಲೇ ಎಷ್ಟೋ ಊರುಗಳಿಗೆ ತಮ್ಮ ಕಸ ಎಲ್ಲಿಗೆ ಹೋಗುತ್ತಿತ್ತು ಅಂತ ಗೊತ್ತಾದದ್ದು.

ಆದರೆ ಕಲಿತದ್ದನ್ನು ಮರೆಯಲೂ ಬರುತ್ತದೆ. ಚರಂಡಿ ಕಟ್ಟಿಕೊಂಡು ಪ್ರವಾಹ ಹೆಚ್ಚಾದದ್ದನ್ನು ಕಂಡ ಬಾಂಗ್ಲಾದೇಶ 2002ರಲ್ಲಿ ತೆಳು ಪಾಲಿಥಿನ್ ಚೀಲ ನಿಷೇಧಿಸಿತು. ಜಾರಿ ಮಾಡುವುದರಲ್ಲಿ ಸಡಿಲವಾಯಿತು ಅನ್ನಿ. ಅದೇ ವರ್ಷ ಐರ್ಲೆಂಡ್ ಒಂದೊಂದು ಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿತು. ಬಳಕೆ ನೂರಕ್ಕೆ 90ಕ್ಕೂ ಜಾಸ್ತಿ ಇಳಿಯಿತು. ಐವತ್ತರ ದಶಕದಿಂದ ಬೆಳೆಸಿದ ಅಭ್ಯಾಸ ಇಷ್ಟು ಸಣ್ಣ ದುಡ್ಡಿಗೆ ಅಲ್ಲಾಡಿತು.

ಮನೆಯಲ್ಲಿ ಏನು ಮಾಡಬಹುದು ಅನ್ನುವುದಕ್ಕೂ ಈ ಇತಿಹಾಸವೇ ದಾರಿ ತೋರಿಸುತ್ತದೆ. ಇದ್ದ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಒಂದೇ ದಿನ ಹೊರಹಾಕಿ ಗಾಜಿನ ಸೆಟ್ ತರುವವರಿದ್ದಾರೆ. ಅದೂ ಎಸೆಯುವುದೇ ಅಲ್ವಾ! ಡಬ್ಬಿ ಒಡೆಯುವವರೆಗೆ ಬಳಸಿ. ಬಿಸಿ ಪದಾರ್ಥ ಮಾತ್ರ ಹಾಕಬೇಡಿ. ಬಟ್ಟೆ ಚೀಲದ ಕಥೆಯೂ ಹಾಗೇ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದು ಹತ್ತಿಯ ಚೀಲ ಹವಾಮಾನದ ದೃಷ್ಟಿಯಿಂದ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲು ಅನ್ನಿಸಿಕೊಳ್ಳಲು 131 ಸಲ ಬಳಕೆಯಾಗಬೇಕು. ಹೋದಲ್ಲೆಲ್ಲ ಸುಮ್ನೆ ಕೊಡುತ್ತಾರೆ ಅಂತ ಹನ್ನೆರಡು ಚೀಲ ತಂದು ಕಪಾಟಿಗೆ ತುರುಕಿದರೆ ಏನೂ ಉಪಯೋಗವಿಲ್ಲ. ಒಂದು ಸಾಕು, ಹೊರಡುವಾಗ ಅದು ಕೈಯಲ್ಲಿರಬೇಕು.

ನಿಜವಾದ ತಲೆನೋವು ಸ್ಯಾಷೆ. ಬೆರಳಷ್ಟಗಲದ ಶಾಂಪೂ ಪೊಟ್ಟಣದಲ್ಲಿ ಒಂದಕ್ಕೊಂದು ಅಂಟಿಸಿದ ಹಲವು ಪದರಗಳಿರುತ್ತವೆ, ಕೆಲವದರಲ್ಲಿ ನಡುವೆ ಅಲ್ಯೂಮಿನಿಯಂ ಕೂಡ. ಬಿಡಿಸಲು ಬರಲ್ಲ, ಹಾಗಾಗಿ ಆಯುವವರೂ ಮುಟ್ಟಲ್ಲ. ದೊಡ್ಡ ಬಾಟಲಿ ತಂದು, ಸಿಗುವ ಕಡೆ ಅದನ್ನೇ ಮತ್ತೆ ತುಂಬಿಸಿಕೊಂಡರೆ ಇಂಥ ಹತ್ತಾರು ಪೊಟ್ಟಣ ಮನೆಗೆ ಬರುವುದೇ ತಪ್ಪುತ್ತದೆ. ಬೇರೆ ದಾರಿಯಿಲ್ಲದೆ ಪೊಟ್ಟಣವೇ ತಂದಿರಾ? ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಒಂದಿಷ್ಟು ಅಂಟಿಕೊಂಡೇ ಇರಲಿ. ಉಗುರಿನಷ್ಟಿರುವ ಆ ಚೂರನ್ನು ಯಾರೂ ಹೆಕ್ಕಲಾರರು. ಬಚ್ಚಲ ನೀರಿನ ಜೊತೆ ಮೊದಲು ಹೋಗುವುದು ಅದೇ.