ಮದುವೆಗೆ ಹೋಗಿ ಎಷ್ಟು ದಿನವಾಯಿತು, ಯಜಮಾನರೇ?

ಎದೆಯುರಿ, ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂದು ವೈದ್ಯನಾದ ನನ್ನ ಬಳಿ ಬಂದಿದ್ದ ಎಪ್ಪತ್ತು ದಾಟಿದ ರೈತರೊಬ್ಬರು ಹಳೆಯ ಚೀಟಿ ತೋರಿಸಲು ಜೇಬಿಗೆ ಕೈ ಹಾಕಿದರು. ಚೀಟಿಯ ಜೊತೆ ನಾಲ್ಕು ಮಡಿಕೆಯ ಲಗ್ನಪತ್ರಿಕೆಯೂ ಬಂತು. ಪಕ್ಕದ ಮನೆಯ ಮದುವೆ, ಮುಗಿದು ಹತ್ತು ದಿನವಾಗಿತ್ತು. ಹೋಗಿದ್ದಿರಾ ಎಂದೆ. ‘ನನ್ನ ಮಗಳ ಮದುವೆಗೆ ಅವರು ಹಾಕಿದ ಮುಯ್ಯಿಯನ್ನೇ ತೀರಿಸಿಲ್ಲ. ಬರಿಗೈಯಲ್ಲಿ ಹೇಗೆ ಹೋಗಲಿ ಸ್ವಾಮಿ?’

ಇಬ್ಬರೂ ಮಂಡ್ಯ ಸೀಮೆಯ ಒಂದೇ ನಾಲೆಯ ನೀರಿನಲ್ಲಿ ಕಬ್ಬು ಬೆಳೆದವರು. ಬೆಂಗಳೂರು–ಮೈಸೂರು ಹೆದ್ದಾರಿ ಅಗಲವಾದಾಗ ಪಕ್ಕದ ಮನೆಯವರ ಜಮೀನು ರಸ್ತೆಗೆ ಹೋಗಿ ಪರಿಹಾರ ಬಂತು. ಇವರದು ನಾಲ್ಕು ಗದ್ದೆ ಆಚೆಗಿತ್ತು. ಈಗ ಆ ಮನೆಗೆ ಎರಡು ಅಂತಸ್ತು, ಇವರದು ಅದೇ ಹೆಂಚಿನ ಮಾಡು. ಜಗಲಿಯಲ್ಲಿ ಕುಳಿತರೆ ದಿನವಿಡೀ ಕಣ್ಣಿಗೆ ಬೀಳುವುದು ಆ ಗೋಡೆಯೇ.

ಹಿರಿಯರ ಖಿನ್ನತೆ ಅಳೆಯಲು ನಾವು ಬಳಸುವ 15 ಪ್ರಶ್ನೆಗಳ ಪಟ್ಟಿಯೊಂದಿದೆ. ಅದರ ಕೊನೆಯ ಪ್ರಶ್ನೆ: ಹೆಚ್ಚಿನವರು ನಿಮಗಿಂತ ಚೆನ್ನಾಗಿದ್ದಾರೆ ಅನ್ನಿಸುತ್ತದೆಯೇ? ಇನ್ನೊಂದು: ಹೊರಗೆ ಹೋಗುವುದಕ್ಕಿಂತ ಮನೆಯಲ್ಲೇ ಇರುವುದು ಹಿತವೇ? ಅಂಕ 5 ದಾಟಿದರೆ ಖಿನ್ನತೆಯ ಅನುಮಾನದಿಂದ ಇನ್ನಷ್ಟು ಪರೀಕ್ಷಿಸುತ್ತೇವೆ. ನನ್ನ ಅನುಭವದಲ್ಲಿ ಈ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಸರೀಕರ ಮುಂದೆ ಕೈ ಚಿಕ್ಕದಾಯಿತು ಎನ್ನಿಸಿದ ಮನುಷ್ಯ ಮೊದಲು ಮದುವೆ ಬಿಡುತ್ತಾನೆ, ಆಮೇಲೆ ಹಬ್ಬ, ಆಮೇಲೆ ಅರಳಿಕಟ್ಟೆ. ಕೊನೆಗೆ ಡೇರಿಗೆ ಹಾಲು ಹಾಕಲೂ ಮೊಮ್ಮಗನನ್ನೇ ಕಳಿಸುತ್ತಾನೆ. ಮಾತನಾಡುವವರಿಲ್ಲದ ಮನೆಯಲ್ಲಿ ಬಿಪಿ ಮಾತ್ರೆ ನೆನಪಿಸುವವರೂ ಇರುವುದಿಲ್ಲ.

ಎಲ್ಲರೂ ಬಡವರಾಗಿದ್ದರೆ ಸುಖ ಎಂದು ನಾನು ಹೇಳುತ್ತಿಲ್ಲ. ನಾಗಮಂಗಲ ಕಡೆಯ ಮಳೆಯಾಶ್ರಿತ ಊರುಗಳಿಂದ ಬರುವ ಅಜ್ಜಿಯರ ರಕ್ತಹೀನತೆ, ಸವೆದ ಮಂಡಿ ನನಗೆ ಗೊತ್ತು. ಆದರೂ ಎಲ್ಲರ ಮುಯ್ಯಿಯೂ ಒಂದೇ ಅಳತೆಯದಾದ ಊರಿನಲ್ಲಿ ಯಾರೂ ಮುಖ ತಪ್ಪಿಸಿ ಓಡಾಡಬೇಕಿಲ್ಲ.

ಸಿರಿವಂತರ ಮನೆಯೊಳಗೂ ಇದೇ ಅಂತರ ಇರುತ್ತದೆ. ಅದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಮಗನಿಗೆ ಕಾರು, ಟ್ರ್ಯಾಕ್ಟರ್ ಎರಡೂ ಇವೆ. ತಾಯಿಗೆ ಎಲೆ‌ಅಡಿಕೆಗೂ ಅವನ ಮುಂದೆಯೇ ಕೈಯೊಡ್ಡಬೇಕು. ಇತ್ತ ಬಡವರಾದ 65 ದಾಟಿದವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ತಿಂಗಳಿಗೆ 1,200 ರೂಪಾಯಿ ಬಂದರೆ, ಎಷ್ಟೋ ಮನೆಗಳಲ್ಲಿ ಎಟಿಎಂ ಕಾರ್ಡು ಮಗನ ಜೇಬಿನಲ್ಲಿರುತ್ತದೆ. ಆ ಮೊತ್ತವೇ ಕಡಿಮೆ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಂತೂ 80ರೊಳಗಿನವರಿಗೆ ಕೇಂದ್ರದ ಪಾಲು ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ 200 ರೂಪಾಯಿಯಲ್ಲೇ ನಿಂತಿರುವುದು ಅನ್ಯಾಯ. ಅಷ್ಟು ಸಣ್ಣ ಹಣವಾದರೂ ಹಿರಿಯರ ಕೈಗೇ ಬರಲಿ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಜಮೀನನ್ನು ಮಕ್ಕಳಿಗೆ ಬರೆದುಕೊಡುವ ಹಿರಿಯರಿಗೂ ಒಂದು ಮಾತು: ನೋಡಿಕೊಳ್ಳಬೇಕು ಎಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ ಅದನ್ನು ರದ್ದುಪಡಿಸುವಂತೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಹೋಗಬಹುದು.

ಆ ರೈತರಿಗೆ ಮಾತ್ರೆ ಬರೆದೆ. ಜೊತೆಗಿದ್ದ ಮೊಮ್ಮಗನಿಗೆ, ಸಂಜೆಯೇ ತಾತನನ್ನು ಪಕ್ಕದ ಮನೆಗೆ ಕರೆದುಕೊಂಡು ಹೋಗು ಎಂದೆ. ಮೂರು ವಾರದ ಮೇಲೆ ಮತ್ತೆ ಬಂದರು. ಹಿತ್ತಿಲ ಬಾಳೆಗೊನೆಯೊಂದನ್ನು ಹೊತ್ತುಕೊಂಡು ಹೋಗಿದ್ದರಂತೆ, ಮದುಮಗಳು ಕಾಲಿಗೆ ಬಿದ್ದಳಂತೆ. ನಿದ್ದೆ ಇನ್ನೂ ಪೂರ್ತಿ ಬಂದಿಲ್ಲ. ಮಾತ್ರೆ ಮುಂದುವರಿಸಿದ್ದೇನೆ.