ಲೋಹದ ಒರೆ, ಅದರೊಳಗಿನ ತೆಳು ಪದರ

ಒಳಗಿರುವುದನ್ನು ಕಾಪಾಡಲೆಂದೇ ಲೋಹದ ಒರೆಯನ್ನು ತೊಡಿಸುತ್ತಾರೆ. ಆದರೆ ಇಂಥ ಒರೆಗಳ ಚರಿತ್ರೆಯನ್ನು ನೋಡುತ್ತ ಹೋದರೆ, ಕಾಪಾಡಬೇಕಾದ ವಸ್ತುವನ್ನು ಒರೆಯೇ ಕೆಡಿಸಿದ ಪ್ರಸಂಗಗಳು ಮತ್ತೆ ಮತ್ತೆ ಎದುರಾಗುತ್ತವೆ. ಅದಕ್ಕೆ ಮದ್ದು ಸಿಕ್ಕಿದ್ದು ಅನೇಕ ಸಲ ಲೋಹವನ್ನು ದಪ್ಪ ಮಾಡಿದ್ದರಿಂದಲ್ಲ, ಲೋಹಕ್ಕೂ ಒಳಗಿನ ವಸ್ತುವಿಗೂ ನಡುವೆ ಬೇರೊಂದು ಪದರವನ್ನು ಇಟ್ಟಿದ್ದರಿಂದ.

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ 18ನೇ ಶತಮಾನದ ಬ್ರಿಟಿಷ್ ನೌಕಾಪಡೆಯದು. ಬೆಚ್ಚಗಿನ ಸಮುದ್ರಗಳಲ್ಲಿ ಹಡಗುಹುಳು ಮರದ ತಳವನ್ನು ಕೊರೆದು ಜಾಲರಿ ಮಾಡಿಬಿಡುತ್ತಿತ್ತು. ಹುಳುವೆಂದು ಕರೆದರೂ ಅದು ಮರುವಾಯಿಯಂತೆ ಎರಡು ಚಿಪ್ಪಿನ ಜೀವಿ. ಇದರ ಜೊತೆಗೆ ಪಾಚಿ ಮತ್ತು ಚಿಪ್ಪುಜೀವಿಗಳು ತಳಕ್ಕೆ ಕಚ್ಚಿಕೊಂಡು ಹಡಗಿನ ವೇಗವನ್ನು ತಗ್ಗಿಸುತ್ತಿದ್ದವು. 1761ರಲ್ಲಿ 'ಅಲಾರ್ಮ್' ಎಂಬ ಯುದ್ಧನೌಕೆಯ ತಳಕ್ಕೆ ತೆಳುವಾದ ತಾಮ್ರದ ತಗಡುಗಳನ್ನು ಹೊದಿಸಿ, ಪರೀಕ್ಷೆಗಾಗಿ ವೆಸ್ಟ್ ಇಂಡೀಸ್‌ಗೆ ಕಳುಹಿಸಲಾಯಿತು. ಅದು ಮರಳಿದ ಮೇಲೆ ನೋಡಿದರೆ ತಗಡಿನ ಕೆಳಗಿನ ಮರಕ್ಕೆ ಹುಳು ತಾಗಿರಲಿಲ್ಲ. ನೀರಿನಲ್ಲಿ ಅಷ್ಟಷ್ಟಾಗಿ ಕರಗುವ ತಾಮ್ರವು ಇಂಥ ಜೀವಿಗಳಿಗೆ ವಿಷವಾದ್ದರಿಂದ ಪಾಚಿಯ ಕಾಟವೂ ಕಡಿಮೆಯಾಗಿತ್ತು. ಆದರೆ ತಾಮ್ರಕ್ಕೆ ತಗುಲಿಕೊಂಡಿದ್ದ ಕಬ್ಬಿಣದ ಮೊಳೆಗಳು ಮಾತ್ರ ತುಕ್ಕಿನ ಮುದ್ದೆಯಾಗಿದ್ದವು. ತಗಡುಗಳನ್ನು ಸುತ್ತಿ ತಂದಿದ್ದ ಕಂದು ಕಾಗದ ಅಲ್ಲಲ್ಲಿ ಕೀಳದೆ ಉಳಿದಿತ್ತು. ಎಲ್ಲಿ ಆ ಕಾಗದವು ತಾಮ್ರಕ್ಕೂ ಕಬ್ಬಿಣಕ್ಕೂ ಅಡ್ಡವಾಗಿತ್ತೋ ಅಲ್ಲಿನ ಮೊಳೆಗಳು ಗಟ್ಟಿಯಾಗಿಯೇ ಇದ್ದವು.

ಉಪ್ಪುನೀರಿನಲ್ಲಿ ಎರಡು ಬೇರೆ ಬೇರೆ ಲೋಹಗಳು ತಗುಲಿಕೊಂಡಾಗ ಅವುಗಳ ನಡುವೆ ವಿದ್ಯುತ್ ಹರಿದು, ಕಬ್ಬಿಣದಂಥ ಹೆಚ್ಚು ಕ್ರಿಯಾಶೀಲ ಲೋಹವು ಬೇಗ ಸವೆಯುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಇಟಲಿಯ ವಿಜ್ಞಾನಿ ವೋಲ್ಟಾ, ಎರಡು ಲೋಹಗಳಿಂದ ವಿದ್ಯುತ್ ಪಡೆಯುವ ತನ್ನ ಬ್ಯಾಟರಿಯನ್ನು ಲೋಕಕ್ಕೆ ತೋರಿಸಿದ್ದು 1800ರಲ್ಲಿ. ಆದರೂ ಅಮೆರಿಕದ ಸ್ವಾತಂತ್ರ್ಯ ಸಮರದ ಒತ್ತಡದಲ್ಲಿ, ನೌಕಾಪಡೆಯ ಹಿರಿಯ ಆಡಳಿತಾಧಿಕಾರಿ ಚಾರ್ಲ್ಸ್ ಮಿಡಲ್ಟನ್ ಅವರ ಒತ್ತಾಸೆಯಿಂದ, 1779ರಿಂದ ಇಡೀ ನೌಕಾಪಡೆಗೆ ತಾಮ್ರ ಹೊದಿಸುವ ಕೆಲಸ ನಡೆಯಿತು. ತಾಮ್ರದ ಕೆಳಗೆ ದಪ್ಪ ಕಾಗದವನ್ನೂ ಹಾಸಿದರು. ಕಾಗದ ನೀರನ್ನು ತಡೆಯುವುದು ಎಷ್ಟು ಕಾಲ? ಓಕ್ ತೊಲೆಗಳ ಒಳಗೆ, ಕಣ್ಣಿಗೆ ಕಾಣದಂತೆ, ಹಡಗನ್ನು ಹಿಡಿದಿಟ್ಟ ಕಬ್ಬಿಣದ ಬೋಲ್ಟುಗಳು ಸವೆಯುತ್ತಿದ್ದವು. 1782ರಲ್ಲಿ ಅಟ್ಲಾಂಟಿಕ್ ಬಿರುಗಾಳಿಗೆ ಸಿಕ್ಕಿ ದೊಡ್ಡ ಹಡಗುಗಳು ಮುಳುಗಿದಾಗ ಬೋಲ್ಟುಗಳ ಮೇಲಿನ ಅನುಮಾನ ಬಲವಾಯಿತು. ಬರಿಯ ತಾಮ್ರದ ಬೋಲ್ಟು ಓಕ್ ಮರಕ್ಕೆ ಹೊಡೆಯುವಾಗಲೇ ಬಾಗುವಷ್ಟು ಮೆದು. ಕೊನೆಗೆ ಆ ದಶಕದಲ್ಲೇ ಗಡಸುಗೊಳಿಸಿದ ತಾಮ್ರದ ಬೋಲ್ಟುಗಳು ಬಂದು ಕಬ್ಬಿಣದ ಜಾಗವನ್ನು ಹಿಡಿದವು.

ಕಾರಣ ತಿಳಿದ ಮೇಲೆ ಅದೇ ನಿಯಮವನ್ನು ತಿರುಗಿಸಿ ಬಳಸಬಹುದೆಂದು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ 1824ರಲ್ಲಿ ತೋರಿಸಿದರು. ತಾಮ್ರಕ್ಕೆ ಕಬ್ಬಿಣದ ಇಲ್ಲವೇ ಸತುವಿನ ತುಂಡನ್ನು ಜೋಡಿಸಿದರೆ, ಆ ತುಂಡು ಸವೆದು ತಾಮ್ರ ಉಳಿಯುತ್ತದೆ. ತಾಮ್ರವೇನೋ ಉಳಿಯಿತು; ಆದರೆ ಕರಗುವುದು ನಿಂತದ್ದರಿಂದ ಅದರ ವಿಷವೂ ನಿಂತು, ತಳದಲ್ಲಿ ಪಾಚಿ, ಚಿಪ್ಪುಗಳು ಮತ್ತೆ ಬೆಳೆದವು. ಆ ಹಡಗುಗಳಿಗೆ ಒದಗದ ಉಪಾಯ ಇಂದು ಸ್ನಾನದ ಮನೆಯ ಗೀಸರಿನಲ್ಲಿದೆ: ತೊಟ್ಟಿಯ ಉಕ್ಕನ್ನು ಉಳಿಸಲು ಒಳಗೊಂದು ಮೆಗ್ನೀಸಿಯಮ್ ಸರಳು ಸವೆಯುತ್ತಿರುತ್ತದೆ.

ಕತ್ತಿಯ ವಿಷಯದಲ್ಲಿ ನಮ್ಮ ಕುಶಲಕರ್ಮಿಗಳು ಈ ಎಚ್ಚರವನ್ನು ಬಹಳ ಹಿಂದೆಯೇ ವಹಿಸಿದ್ದರು. ಭಾರತದ ಹಳೆಯ ಖಡ್ಗಗಳ ಒರೆ ಸಾಮಾನ್ಯವಾಗಿ ಮರದ್ದು. ಅದರ ಮೇಲೆ ಚರ್ಮ ಇಲ್ಲವೇ ಮಖಮಲ್ಲು, ಬಾಯಿಗೂ ತುದಿಗೂ ಮಾತ್ರ ಲೋಹ. ಕೊಡವರ ಪೀಚೆಕತ್ತಿಯ ಒರೆಯಲ್ಲಿ ಕಣ್ಣು ಸೆಳೆಯುವುದು ಬೆಳ್ಳಿಯ ಕೆಲಸವಾದರೂ ಆ ಬೆಳ್ಳಿ ಇರುವುದು ಮೇಲ್ಮೈಯ ಅಲಂಕಾರವಾಗಿ. ಬ್ರಿಟಿಷ್ ಕುದುರೆ ಸವಾರರಾದರೋ 1796ರ ಮಾದರಿಯ ಕತ್ತಿಯನ್ನು ಕಬ್ಬಿಣದ ಒರೆಯಲ್ಲಿ ಧರಿಸುತ್ತಿದ್ದರು. ಕವಾಯತಿನಲ್ಲಿ ಪ್ರತಿ ಸಲ ಹಿರಿದು ಸೇರಿಸುವಾಗಲೂ ಅಲಗು ಲೋಹಕ್ಕೆ ಉಜ್ಜಿ ಮೊಂಡಾಗುತ್ತಿತ್ತು. ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ 15ನೇ ಹುಸಾರ್ಸ್ ಅಶ್ವದಳದ ಅಧಿಕಾರಿ ಲೂಯಿ ನೋಲನ್, 1853ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ನಿಜಾಮನ ಸವಾರರ ಕತ್ತಿಗಳ ಬಗ್ಗೆ ಬರೆದಿದ್ದಾರೆ. ಅವು ಮಾಡಿದ ಗಾಯಗಳ ಭೀಕರತೆಯನ್ನು ಕೇಳಿ ವಿಚಾರಿಸಿದಾಗ, ಅವು ಬ್ರಿಟಿಷರೇ ಬೇಡವೆಂದು ವಿಲೇವಾರಿ ಮಾಡಿದ ಹಳೆಯ ಅಲಗುಗಳೆಂದು ತಿಳಿಯಿತು. ಸವಾರರು ಅವನ್ನು ಸಾಣೆ ಹಿಡಿದು, ಮರದ ಒರೆಯಲ್ಲಿಟ್ಟು, ಕಾಳಗದಲ್ಲಲ್ಲದೆ ಹಿರಿಯುತ್ತಿರಲಿಲ್ಲ. ಬ್ರಿಟಿಷ್ ಸೈನ್ಯದ 1908ರ ಮಾದರಿಯ ಹೊತ್ತಿಗೆ ಉಕ್ಕಿನ ಒರೆಯೊಳಗೂ ಮರದ ಅಸ್ತರಿ ಸೇರಿತ್ತು.

ಬಕೆಟ್ಟಿಗೆ ಇಳಿಬಿಡುವ ಹೀಟರಿನಲ್ಲೂ ಇರುವುದು ಇಂಥದೇ ರಚನೆ. ಹೊರಗೆ ಲೋಹದ ಕೊಳವೆ, ನಡುವೆ ಕಾಯುವ ನಿಕ್ರೋಮ್ ತಂತಿ, ಎರಡರ ನಡುವೆ ಒತ್ತಿ ತುಂಬಿದ ಮೆಗ್ನೀಸಿಯಮ್ ಆಕ್ಸೈಡ್ ಪುಡಿ. ಈ ಪುಡಿ ಶಾಖವನ್ನು ಹೊರಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಕೊಳವೆ ಬಿರುಕುಬಿಟ್ಟರೆ ಪುಡಿ ತೇವವನ್ನು ಹೀರಿಕೊಂಡು ವಿದ್ಯುತ್ ನೀರಿಗೆ ಸೋರಬಹುದು. ಆದ್ದರಿಂದ ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಇದನ್ನು ಎಂದಿಗೂ ಚುಚ್ಚಬಾರದು.

ಲೋಹದ ಒರೆಯಿಂದ ಅತಿ ಹೆಚ್ಚು ನಿಖರತೆಯನ್ನು ಬೇಡುವ ಜಾಗಗಳಲ್ಲೊಂದು ಕೈಗಾದ ಪರಮಾಣು ಸ್ಥಾವರ. ಅಲ್ಲಿನ ಯುರೇನಿಯಂ ಆಕ್ಸೈಡ್ ಬಿಲ್ಲೆಗಳನ್ನು ಜಿರ್ಕೋನಿಯಂ ಮಿಶ್ರಲೋಹದ ತೆಳು ಕೊಳವೆಗಳಲ್ಲಿ ತುಂಬಿ ಮುಚ್ಚಿ, 19 ಕೊಳವೆಗಳ ಒಂದೊಂದು ಕಟ್ಟು ಮಾಡಿರುತ್ತಾರೆ. ಜಿರ್ಕೋನಿಯಂ, ಯುರೇನಿಯಂ ಪರಮಾಣುಗಳನ್ನು ಒಡೆಯುವ ನ್ಯೂಟ್ರಾನ್‌ಗಳನ್ನು ಬಹಳ ಕಡಿಮೆ ಹೀರುವುದರಿಂದ ಅದನ್ನೇ ಆರಿಸಲಾಗಿದೆ. ಕಾದ ಬಿಲ್ಲೆಗಳು ಹಿಗ್ಗಿ ಕೊಳವೆಯನ್ನು ಒಳಗಿನಿಂದ ಒತ್ತುತ್ತವೆ; ಹೀಗೆ ಪರಮಾಣು ಒಡೆಯುವ ವಿದಳನದಲ್ಲಿ ಹುಟ್ಟುವ ಅಯೋಡಿನ್ ಅದೇ ಜಾಗದಲ್ಲಿ ಲೋಹವನ್ನು ಸೀಳಬಲ್ಲದು. ಇದನ್ನು ತಗ್ಗಿಸಲು ಕೊಳವೆಯ ಒಳಮೈಗೆ ಗ್ರಾಫೈಟ್‌ನ ತೆಳು ಲೇಪ ಕೊಡುತ್ತಾರೆ. ಕೊಳವೆ ಸೋರಿದರೆ ತಂಪುಕಾರಕ ನೀರಿನ ವಿಕಿರಣ ಏರಿ ಸುಳಿವು ಕೊಡುತ್ತದೆ. ಸ್ಥಾವರವನ್ನು ನಿಲ್ಲಿಸದೆಯೇ ಆ ಕಟ್ಟನ್ನು ಹೊರತೆಗೆದು ಹೊಸದನ್ನು ಸೇರಿಸಬಹುದು. ಕೈಗಾದ 1ನೇ ಘಟಕವು 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ವಿದ್ಯುತ್ ಉತ್ಪಾದಿಸಲು ಸಾಧ್ಯವಾದುದರಲ್ಲಿ ಈ ವ್ಯವಸ್ಥೆಯ ಪಾಲೂ ಇದೆ.