ಮೊದಲು ತಗಡು, ಆಮೇಲೆ ಎಂಜಿನ್

ಹೋದ ಚೌತಿಗೆ ಎಂಟು ದಿನ ಇರುವಾಗ ಸದಾಶಿವಗಡದ ಹುಡುಗನೊಬ್ಬ ಗ್ಯಾರೇಜಿಗೆ ಕಾರು ತಂದ. ಹಡಗಿನಲ್ಲಿ ಕೆಲಸ ಮಾಡುವವನು, ರಜೆಗೆ ಊರಿಗೆ ಬಂದಿದ್ದ. 2001ರ ಹೋಂಡಾ ಸಿಟಿ, ವಿಟೆಕ್ ಅನ್ನುವ 1.5 ಲೀಟರ್ ಎಂಜಿನ್ನಿನದು. ಬೆಳ್ಳಿ ಬಣ್ಣ, ಮುಖ ಕಾಣುವಷ್ಟು ಪಾಲಿಶ್. ಬಾನೆಟ್ ಎತ್ತಿ ಚಾಲೂ ಮಾಡಿ, "ಮೇಸ್ತ್ರಿ, ಸದ್ದು ಕೇಳಿ ಒಂದ್ಸಲ" ಅಂದ.

ಸದ್ದು ನಿಜಕ್ಕೂ ಚೆನ್ನಾಗಿತ್ತು. ಆದರೆ ನಾನು ಹಿಂದಿನ ಚಕ್ರದ ಹತ್ತಿರ ಕೂತೆ. ಸ್ಕ್ರೂಡ್ರೈವರ್ ಹಿಡಿಕೆಯಿಂದ ಮಡ್‌ಗಾರ್ಡಿನ ಅಂಚಿಗೆ ಮೆಲ್ಲಗೆ ಕುಟ್ಟುತ್ತ ಬಂದೆ. ಮೇಲೆ ಟಣ್ ಟಣ್ ಅಂತಿತ್ತು. ಒಂದು ಗೇಣು ಕೆಳಗೆ ಬಂದಾಗ ದಬ್ ದಬ್ ಅಂದಿತು. ಒಳಗಡೆಯಿಂದ ತುದಿ ಹಿಡಿದು ಒತ್ತಿದೆ. ಹಣ್ಣಾದ ಹಲಸಿಗೆ ಚಾಕು ಹೋದ ಹಾಗೆ ಹೋಯಿತು. ಕೆಂಪು ಪುಡಿ ಅಂಗೈಗೆ ಸುರಿಯಿತು, ಅದರ ಹಿಂದೆಯೇ ಪುಟ್ಟಿಯ ಬಿಳಿ ಚೂರು.

"ಪುಟ್ಟಿಯಾ?" ಅಂದ. ಮುಖ ಸಣ್ಣದಾಯಿತು.

"ಹೌದು ತಮ್ಮಾ. ತುಕ್ಕು ಮುಚ್ಚಲು ಬಳಿದಿದ್ದಾರೆ, ಕಾಲು ಇಂಚು ದಪ್ಪ ಇದೆ."

ಕಾರವಾರದಲ್ಲಿ ಹಳೆ ಜಪಾನಿ ಕಾರು ಕೊಳ್ಳುವವರು ಹತ್ತರಲ್ಲಿ ಒಂಬತ್ತು ಜನ ಹೀಗೇ ಕೊಳ್ಳುತ್ತಾರೆ. ಕಿವಿಯಿಂದ ಕೊಳ್ಳುತ್ತಾರೆ. ಎಂಜಿನ್ ಸದ್ದು, ಸೈಲೆನ್ಸರ್ ಸದ್ದು, ಎಷ್ಟು ಕಿಲೋಮೀಟರ್ ಓಡಿದೆ, ಇಷ್ಟೇ. ಜಪಾನಿನವರ ಎಂಜಿನ್ ಹಾಳಾಗುವುದು ಕಮ್ಮಿ. ಹಾಳಾದರೂ ಬಿಚ್ಚಿ ಸರಿ ಮಾಡಬಹುದು, ಬೇರೆ ಎಂಜಿನ್ ತಂದು ಕೂರಿಸಲೂಬಹುದು. ತಗಡು ಹೋದರೆ ಕಾರೇ ಹೋಯಿತು. ಅದಕ್ಕೆ ನಾನು ಎಲ್ಲರಿಗೂ ಹೇಳುವುದು ಒಂದೇ: ಕಾರಿಗೆ ಹಾಕಲು ನೂರು ರೂಪಾಯಿ ಇದ್ದರೆ ಅರವತ್ತು ತಗಡಿಗೆ ಇಡಿ. ಉಳಿದದ್ದರಲ್ಲಿ ಎಂಜಿನ್ ನೋಡೋಣ.

ಖುಷಿಗೆ ಅಂತ ಹುಡುಕಿ ಕೊಳ್ಳಲು ಸಿಟಿ ಸ್ಪೋರ್ಟ್ಸ್ ಕಾರಲ್ಲ, ಮನೆಮಂದಿಯ ಕಾರು ಅಂತ ಕೆಲವರು ಹೇಳಬಹುದು. ಸರಿಯೇ. ಆದರೆ 1998ರಲ್ಲಿ ನಮ್ಮ ದೇಶಕ್ಕೆ ಬಂದ ಆ ಮೊದಲ ಸಿಟಿಗೆ ಆಮೇಲೆ 106 ಅಶ್ವಶಕ್ತಿಯ ವಿಟೆಕ್ ಎಂಜಿನ್ ಕೂತಾಗ, ಜಪಾನಿ ಎಂಜಿನ್ ಮೇಲಕ್ಕೆ ಏರುತ್ತ ಹೋಗುವ ರುಚಿಯನ್ನು ನಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಕಂಡರು. ಇವತ್ತು ಅದನ್ನು ಹುಡುಕಿಕೊಂಡು ಹೋಗುವ ಹುಡುಗರನ್ನು ಕಂಡರೆ ನನಗೆ ಖುಷಿಯಾಗುತ್ತದೆ.

ಇನ್ನು ತುಕ್ಕಿನ ವಿಷಯ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿದ್ದೀರಲ್ಲ? ಸಾಣಿಕಟ್ಟಾದ ಹರಳುಪ್ಪು ತುಂಬಿಟ್ಟರೆ ಆಷಾಢದ ಹೊತ್ತಿಗೆ ತಳದಲ್ಲಿ ನೀರು ನಿಂತಿರುತ್ತದೆ. ಯಾರೂ ನೀರು ಹಾಕಿಲ್ಲ. ಸಮುದ್ರದ ಉಪ್ಪಿನಲ್ಲಿ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡ್ ಇರುತ್ತದೆ, ಅದು ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ಕಾರಿನ ಕೆಳಗೆ ನಡೆಯುವುದೂ ಇದೇ. ಕಡಲ ಗಾಳಿ ತಂದ ಉಪ್ಪು ತಗಡಿನ ಸಂದಿಯಲ್ಲಿ ಕೂತಿತು ಅಂದರೆ, ಮಳೆ ಇಲ್ಲದ ದಿನವೂ ಆ ಜಾಗ ಒದ್ದೆ. ಕಬ್ಬಿಣ, ನೀರು, ಗಾಳಿ ಮೂರೂ ಸೇರಿದರೆ ತುಕ್ಕು. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ಅದೇ ಕೆಲಸ ಇನ್ನೂ ಜೋರಾಗಿ ನಡೆಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ, ಹಾಗಾಗಿ ಬಣ್ಣವನ್ನು ಒಳಗಿನಿಂದ ಎತ್ತುತ್ತದೆ. ಬಣ್ಣದ ಮೇಲೆ ಸಾಸಿವೆಯಷ್ಟು ಗುಳ್ಳೆ ಕಂಡರೆ ಒಳಗೆ ರೂಪಾಯಿ ಅಗಲ ಹೋಗಿದೆ ಅಂತಲೇ ತಿಳಿಯಿರಿ.

ಇದರ ಜೊತೆ ನಮ್ಮ ಹೆದ್ದಾರಿಯಲ್ಲಿ ಮೀನು ಲಾರಿಗಳಿವೆ. ಬೈತಖೋಲ ಬಂದರಿನಿಂದ ಹೊರಟ ಲಾರಿ ಮಂಜುಗಡ್ಡೆ ಕರಗಿದ ನೀರನ್ನು ದಾರಿಯುದ್ದಕ್ಕೂ ಸುರಿಸುತ್ತ ಹೋಗುತ್ತದೆ. ಅದರ ಹಿಂದೆ ಹತ್ತು ಕಿಲೋಮೀಟರ್ ಹೋದರೆ ನಿಮ್ಮ ಕಾರಿನ ಹೊಟ್ಟೆಗೆ ಉಪ್ಪುನೀರಿನ ಸ್ನಾನ. ಲಾರಿ ಕಂಡರೆ ಬಿಟ್ಟುಕೊಡಿ, ದೂರ ಉಳಿಯಿರಿ.

ಘಟ್ಟದ ಮೇಲಿನ ಕಾರು ಚೆನ್ನಾಗಿರುತ್ತದೆ, ಶಿರಸಿಯದು ತಗೊಳ್ಳಲಾ ಅಂತ ಕೇಳುತ್ತಾರೆ. ಉಪ್ಪಿಲ್ಲ ಅನ್ನುವುದು ನಿಜ. ಆದರೆ ಕೆಎ 31, ಅಂದರೆ ಶಿರಸಿ ನಂಬರಿನ ಕಾರುಗಳು ಬೇರೆ ಕಡೆಯಿಂದ ಹಾಳಾಗುತ್ತವೆ. ತೋಟದ ಮನೆಯ ಅಂಗಳದಲ್ಲಿ ಮರದ ಕೆಳಗೆ ನಿಂತ ಕಾರಿನ ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ, ಅಡಿಕೆ ಹಿಂಗಾರ, ಕಸ ತುಂಬುತ್ತದೆ. ನೀರು ಹೋಗುವ ತೂತು ಮುಚ್ಚುತ್ತದೆ. ಆಮೇಲೆ ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಒಳಗಿಳಿದು ಕಾರ್ಪೆಟ್ ಅಡಿ ನಿಲ್ಲುತ್ತದೆ. ಕರಾವಳಿಯ ಕಾರು ಕೆಳಗಿನಿಂದ ಮೇಲಕ್ಕೆ ಹಾಳಾಗುತ್ತದೆ, ಘಟ್ಟದ ಮೇಲಿನದು ಮೇಲಿನಿಂದ ಕೆಳಕ್ಕೆ. ನೋಡುವ ಜಾಗ ಬೇರೆ, ಅಷ್ಟೇ.

ನೋಡಲು ಹೋಗುವಾಗ ಜೇಬಿನಲ್ಲಿ ಮೂರು ಸಾಮಾನು ಇರಲಿ: ಟಾರ್ಚು, ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ. ಪುಟ್ಟಿ ಇರುವ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಹಿಂದಿನ ಚಕ್ರದ ಕಮಾನು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಬ್ಯಾಟರಿ ಕೂರುವ ತಟ್ಟೆ, ಇಷ್ಟನ್ನೂ ಬಿಡಬೇಡಿ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಬೆಲೆ ಮಾತಾಡುವ ಮುಂಚೆ ಕಾರನ್ನು ರ್‍ಯಾಂಪಿಗೆ ಹತ್ತಿಸಿ. ಮಾರುವವರು ಬೇಡ ಅಂದರೆ ನೀವೂ ಬೇಡ ಅನ್ನಿ.

ಪ್ರತಿ ಮಾಡೆಲ್ಲಿಗೂ ಅದರದೇ ಕೆಟ್ಟ ಜಾಗ ಇರುತ್ತದೆ. 1969ರಲ್ಲಿ ಬಂದ ಡಾಟ್ಸನ್ 240ಝಡ್ ಆರು ಸಿಲಿಂಡರಿನ 2.4 ಲೀಟರ್ ಎಂಜಿನ್ನಿಗೆ ಹೆಸರಾದ ಕಾರು. ಆ ಎಂಜಿನ್ ಉಳಿದು ಬ್ಯಾಟರಿ ತಟ್ಟೆ, ನೆಲದ ತಗಡು ಕರಗಿಹೋದ ಕಾರುಗಳು ಜಗತ್ತಿನ ತುಂಬ ಇವೆ. 1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಕಥೆ ಇನ್ನೊಂದು. ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ, 1.6 ಲೀಟರ್ ಎಂಜಿನ್, ಒಂದು ಟನ್ನಿಗಿಂತ ಕಮ್ಮಿ ತೂಕ. ಹತ್ತು ಲಕ್ಷಕ್ಕೂ ಹೆಚ್ಚು ತಯಾರಾದ ಕಾರು ಅದು. ಗೋವಾದವರೊಬ್ಬರು ತಮ್ಮದನ್ನು ತಂದಾಗ ನಾನು ಮೊದಲ ಸಲ ಅದರ ಕೆಳಗೆ ಮಲಗಿದ್ದು. ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ತೂತುಗಳಿಂದ ಇಳಿದು ಹಿಂಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಅವರ ಕಾರಿನಲ್ಲಿ ಎಡಗಡೆ ತೂತು ಕಸ ತುಂಬಿ ಮುಚ್ಚಿತ್ತು. ಎಷ್ಟು ಮಳೆಗಾಲದ ನೀರೋ, ರನ್ನಿಂಗ್ ಬೋರ್ಡ್ ಒಳಗೆ ನಿಂತು ನಿಂತು, ಹೊರಗೆ ಕೆಂಪು ಬಣ್ಣ ಮಿರಮಿರ ಅನ್ನುವಾಗಲೇ ಒಳಗೆ ಏನೂ ಉಳಿದಿರಲಿಲ್ಲ. ಛಾವಣಿ ಇಲ್ಲದ ಕಾರಿಗೆ ಆ ಭಾಗವೇ ಬೆನ್ನೆಲುಬು. ಒಂದು ಮುಷ್ಟಿ ಕಸದ ದೆಸೆಯಿಂದ ಆ ಕಾರು ಬಾಗಿಲು ಸರಿಯಾಗಿ ಹಾಕಲಿಕ್ಕೂ ಬಾರದಂತೆ ಜೋಲು ಬಿದ್ದಿತ್ತು.

ರಿಪೇರಿ ಮಾಡಿಸುವಾಗ ತುಕ್ಕಿನ ಮೇಲೆ ಪುಟ್ಟಿ ಬೇಡವೇ ಬೇಡ. ಕೆಟ್ಟ ತಗಡನ್ನು ಒಳ್ಳೆ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ತುಂಡನ್ನು ಸಿಓಟು ವೆಲ್ಡಿಂಗ್‌ನಲ್ಲಿ ಕೂರಿಸಬೇಕು. ಗ್ಯಾಸ್ ವೆಲ್ಡಿಂಗ್ ಆದರೆ ಸುತ್ತಲಿನ ತೆಳು ತಗಡು ಸೊಟ್ಟಗಾಗುತ್ತದೆ. ಬೆಸುಗೆಯ ಒಳಬದಿಗೆ ಪ್ರೈಮರ್, ಅದರ ಮೇಲೆ ಮೇಣದಂಥ ತುಕ್ಕು ನಿರೋಧಕ ಸ್ಪ್ರೇ. ಕಪ್ಪು ಡಾಂಬರಿನ ಕೋಟಿಂಗ್ ನನಗೆ ಇಷ್ಟವಿಲ್ಲ. ನಾಲ್ಕು ವರ್ಷಕ್ಕೆ ಅದು ಬಿರುಕು ಬಿಡುತ್ತದೆ, ನೀರು ಅದರ ಹಿಂದೆ ಸೇರುತ್ತದೆ, ಮೇಲಿನಿಂದ ನೋಡಿದರೆ ಎಲ್ಲ ಚಂದ. ಮೇಣ ಹಾಗಲ್ಲ, ಗೀರು ಬಿದ್ದಲ್ಲಿ ಮೆಲ್ಲಗೆ ಹರಡಿಕೊಳ್ಳುತ್ತದೆ. ನಮ್ಮ ಹಿರಿಯರು ಮರದ ದೋಣಿಗೆ ವರ್ಷ ವರ್ಷ ಮೀನೆಣ್ಣೆ ಬಳಿಯುತ್ತಿದ್ದರಲ್ಲ, ಹಾಗೇ ಇದನ್ನೂ ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ ಹೊಡೆಯಿರಿ.

ತೊಳೆಯುವುದಕ್ಕೆ ಸಿಹಿನೀರೇ ಬೇಕು. ಕಡಲ ದಂಡೆಯ ಎಷ್ಟೋ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಅದರಲ್ಲಿ ದಿನಾ ತೊಳೆದರೆ ದಿನಾ ಉಪ್ಪು ಬಳಿದಂತೆ. ಬಾಯಿಗೆ ಹಾಕಿ ನೋಡಿ, ಗೊತ್ತಾಗುತ್ತದೆ. ರೇಡಿಯೇಟರಿಗೂ ಅದೇ ನೀರು ಹಾಕುವವರಿದ್ದಾರೆ, ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಒಳಗಿನಿಂದ ತಿಂದುಹೋಗುತ್ತದೆ. ಕೂಲಂಟ್ ಮತ್ತು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಏನೂ ಬೇಡ. ನಿಲ್ಲಿಸುವಾಗ ಪ್ಲಾಸ್ಟಿಕ್ ತಾಡಪಾಲು ಹೊದೆಸಬೇಡಿ, ಒಳಗೆ ಬೆವರು ಕಟ್ಟುತ್ತದೆ. ಮಾಡಿನ ಕೆಳಗೆ ಗಾಳಿ ಆಡುವ ಕಡೆ ಸುಮ್ನೆ ನಿಲ್ಲಿಸಿದರೆ ಸಾಕು. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ಬಿಟ್ಟರೆ ಹಿಂದಿನ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಬ್ರೇಕಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಂದು ಡಿಸೆಂಬರಿನಲ್ಲಿ ಗಿರಾಕಿಯೊಬ್ಬರ ಹಳೆ ಕಾರಿನಲ್ಲಿ ಶಿರಸಿಯಿಂದ ಕುಮಟಾ ಕಡೆಗೆ ಇಳಿಯುತ್ತಿದ್ದೆವು. ಓಡಿಸುತ್ತಿದ್ದವರು ಅವರೇ. ದೇವಿಮನೆ ಘಟ್ಟದ ಅರ್ಧಕ್ಕೆ ಬಂದಾಗ, "ಪೆಡಲ್ ಮೆತ್ತಗಾಯ್ತಲ್ಲ ಮೇಸ್ತ್ರಿ" ಅಂದರು. ಮುಂದಿನ ತಿರುವಿನಲ್ಲಿ ಪೆಡಲ್ ನೆಲ ಮುಟ್ಟಿತು. "ಎರಡಕ್ಕೆ ಹಾಕಿ, ಎರಡಕ್ಕೆ ಹಾಕಿ" ಅಂತ ಕೂಗಿ ನಾನೇ ಹ್ಯಾಂಡ್‌ಬ್ರೇಕ್ ಎಳೆದೆ. ಗುಡ್ಡದ ಬದಿಯ ಚರಂಡಿಗೆ ಚಕ್ರ ತಾಗಿಸಿ ನಿಲ್ಲಿಸಿದೆವು. ಅರ್ಧ ಗಂಟೆ ತಣಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಲೀಕ್ ಎಲ್ಲೂ ಇರಲಿಲ್ಲ. ತಪ್ಪಿದ್ದದ್ದು ಎಣ್ಣೆಯಲ್ಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಎಣ್ಣೆ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಬಿಸಿಗೆ ಎಣ್ಣೆ ಕುದಿದು ಆವಿಯಾದರೆ, ಪೆಡಲ್ ಒತ್ತಿದ ಬಲ ಆ ಆವಿಯನ್ನು ಅಮುಕುವುದಕ್ಕೇ ಹೋಗುತ್ತದೆ. ಬಾಟಲಿಯ ಮೇಲೆ ಎರಡು ವರ್ಷ ಅಂತ ಇದ್ದರೆ ಕರಾವಳಿಯಲ್ಲಿ ಒಂದೇ ವರ್ಷಕ್ಕೆ ಬದಲಿಸಿ. ಖರ್ಚು ತೀರಾ ಕಮ್ಮಿ. ಜೀವದ ಪ್ರಶ್ನೆ ಇದು.

ಎಂಜಿನ್ ಬಗ್ಗೆ ಚುಟುಕಾಗಿ. ವಿಟೆಕ್ ಅಂದರೆ ವಾಲ್ವುಗಳನ್ನು ತೆರೆಯುವ ಒಂದೇ ಕ್ಯಾಮ್‌ಶಾಫ್ಟಿನಲ್ಲಿ ಎರಡು ಥರದ ಉಬ್ಬು. ವೇಗ ಏರಿದಾಗ ಆಯಿಲ್ ಒತ್ತಡ ಒಂದು ಪಿನ್ನನ್ನು ತಳ್ಳಿ ದೊಡ್ಡ ಉಬ್ಬನ್ನು ಕೆಲಸಕ್ಕೆ ಹಚ್ಚುತ್ತದೆ. ಆಯಿಲ್ ಕಡಿಮೆ ಇದ್ದರೆ, ಕೊಳೆಯಾಗಿದ್ದರೆ ಅದು ನಡೆಯುವುದಿಲ್ಲ. ಗಾಡಿ ಎಳೆಯುತ್ತಿಲ್ಲ ಅಂತ ಬಂದವರಲ್ಲಿ ಎಷ್ಟೋ ಜನರಿಗೆ ಆಯಿಲ್ ಬದಲಿಸಿ, ಆ ಆಯಿಲನ್ನು ಬಿಡುವ ವಿದ್ಯುತ್ ವಾಲ್ವು, ಅಂದರೆ ಸೊಲೆನಾಯ್ಡ್ ಹತ್ತಿರದ ಪುಟ್ಟ ಜಾಲರಿ ತೊಳೆದು ಕಳಿಸಿದ್ದೇನೆ. ಹೋಂಡಾದ ಈ ಎಂಜಿನ್‌ನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಮಾಜ್ದಾದ 1.6ರಲ್ಲಿ ಬಡಿಯುವುದಿಲ್ಲ, ಕಾರು ನಿಲ್ಲುತ್ತದೆ ಅಷ್ಟೇ. ಹಳೆ ಕಾರು ಕೊಂಡವರು ಹಿಂದಿನ ಮಾಲೀಕರ ಮಾತು ನಂಬದೆ ಬೆಲ್ಟು, ವಾಟರ್ ಪಂಪು ಒಟ್ಟಿಗೆ ಬದಲಿಸಿಬಿಡಿ. ಇನ್ನೊಂದು: ಆ ಕಾಲದ ಹೋಂಡಾ ಬಿಸಿಲಿನಲ್ಲಿ ನಿಂತು ಚಾಲೂ ಆಗದೆ, ಸಂಜೆ ತಾನಾಗಿ ಚಾಲೂ ಆದರೆ ಟ್ಯಾಂಕಿನಿಂದ ಪೆಟ್ರೋಲ್ ತರುವ ಪಂಪ್ ಬದಲಿಸಲು ಹೋಗಬೇಡಿ. ಡ್ಯಾಶ್‌ಬೋರ್ಡ್ ಅಡಿಯ ಮೇನ್ ರಿಲೇ, ಅಂದರೆ ಆ ಪಂಪಿಗೆ ಕರೆಂಟು ಕೊಡುವ ಸ್ವಿಚ್ಚು, ಬಿಚ್ಚಿಸಿ ನೋಡಿ. ಒಳಗಿನ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು ಇರುತ್ತದೆ. ಟಿವಿ ರಿಪೇರಿಯವರು ಹತ್ತು ನಿಮಿಷದಲ್ಲಿ ಬೆಸೆದು ಕೊಡುತ್ತಾರೆ.

ಪೆಟ್ರೋಲಿನಲ್ಲಿ ಈಗ ಶೇ 20ರವರೆಗೆ ಎಥನಾಲ್ ಇದೆ, ಅದೂ ತೇವ ಎಳೆಯುವಂಥದ್ದು. ಹಳೆ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ, ಎಥನಾಲ್ ತಡೆಯುವ ಪೈಪು ಹಾಕಿಸಿ. ಕಾರು ನಿಲ್ಲಿಸಿಡುವುದಾದರೆ ಟ್ಯಾಂಕ್ ತುಂಬಿಸಿ ಇಡಿ, ಒಳಗೆ ಒದ್ದೆ ಗಾಳಿಗೆ ಜಾಗ ಇರಬಾರದು. ತಿಂಗಳೊಳಗೆ ಓಡಿಸಿ ಖಾಲಿ ಮಾಡಿ. ಕಾಗದಪತ್ರದ್ದು ಸುಲಭ. 15 ವರ್ಷ ಆದ ಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸುತ್ತ ಹೋಗಬೇಕು. 2021ರಲ್ಲಿ ಬಂದ ವಿಂಟೇಜ್ ನೋಂದಣಿ 50 ವರ್ಷ ದಾಟಿದ ಗಾಡಿಗೆ ಮಾತ್ರ, ದಿನಾ ಓಡಿಸುವ ಹಾಗೂ ಇಲ್ಲ.

ಸದಾಶಿವಗಡದ ಹುಡುಗ ಕಾರು ಬಿಟ್ಟುಹೋದ. ಎರಡೂ ಕಮಾನು ಕತ್ತರಿಸಿ ಹೊಸ ತಗಡು ಕೂರಿಸಲು, ಮೇಣ ಹೊಡೆಯಲು ತಿಂಗಳು ಹಿಡಿಯಿತು. ಎಂಜಿನ್ನಿಗೆ ಬೆಲ್ಟು, ಪಂಪು, ಆಯಿಲ್ ಬಿಟ್ಟರೆ ಏನೂ ಮಾಡಲಿಲ್ಲ. ಕಾರು ಒಯ್ಯಲು ಬಂದ ದಿನ ಅವನ ಕೈಗೆ ಒಂದು ತಂಬಿಗೆ ನೀರು ಕೊಟ್ಟೆ. ವೈಪರ್ ಕೆಳಗಿನ ಜಾಲರಿಗೆ ಮೆಲ್ಲಗೆ ಹೊಯ್ಯಲು ಹೇಳಿದೆ. ಆಮೇಲೆ ಇಬ್ಬರೂ ಬಗ್ಗಿ ಕೆಳಗೆ ನೋಡಿದೆವು. ಎಡಗಡೆ ನೀರು ಬಂತು. ಬಲಗಡೆ ಸ್ವಲ್ಪ ತಡವಾಗಿ, ಒಂದು ಒಣ ಎಲೆಯ ಚೂರನ್ನು ತಳ್ಳಿಕೊಂಡು ಬಂತು. "ಜೂನ್ ಒಂದಕ್ಕೆ ಹೀಗೇ ಮಾಡು, ಆಮೇಲೆ ಮಳೆ ನಿಲ್ಲುವವರೆಗೆ ಪ್ರತಿ ಭಾನುವಾರ" ಅಂದೆ. ಹಡಗಿಗೆ ಹೋದಾಗ ಯಾರು ಮಾಡೋದು ಅಂತ ಕೇಳಿದ. ಈಗ ಭಾನುವಾರ ಅವನ ತಾಯಿಯೇ ತಂಬಿಗೆ ಹಿಡಿದು ನೀರು ಹೊಯ್ಯುತ್ತಾರೆ.